ಗುಣವಾಯಿತು ಅನ್ನುವ ತಾಯಿ, ಪುರಾವೆ ಸಾಲದು ಅನ್ನುವ ಡಾಕ್ಟರು: ಯಾರದ್ದು ಖರೇ?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಗಂಟಲು ನೋವು, ಜ್ವರ ಬಂದು ಹೋದ ಎರಡು ವಾರಕ್ಕೆ, ಒಂದೇ ರಾತ್ರಿಯಲ್ಲಿ ಬೇರೆ ಹುಡುಗನೇ ಆದ. ಕೈ ತೊಳೆದದ್ದೇ ತೊಳೆದದ್ದು. ರೊಟ್ಟಿ ಮುಟ್ಟುವುದಿಲ್ಲ. ರಾತ್ರಿ ನನ್ನ ಸೆರಗು ಬಿಡುವುದಿಲ್ಲ. ಡಾಕ್ಟರು 'ಪ್ಯಾಂಡಾಸ್ ಇರಬಹುದು' ಎಂದರು. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ನರದ ಮೂಲಕ ಕೊಡುವ ಚಿಕಿತ್ಸೆ) ಕೊಡಿಸಿದ ಕೆಲವು ತಂದೆ-ತಾಯಿ 'ನಮ್ಮ ಕೂಸು ವಾಪಸ್ ಸಿಕ್ತು' ಅಂತಾರೆ. ನಮ್ಮ ಡಾಕ್ಟರು ಪುರಾವೆ ಸಾಲದು ಅಂತಾರೆ. ಯಾರದ್ದು ಖರೇರಿ?
— ಗದಗದಿಂದ ಒಬ್ಬ ತಾಯಿ

ಉತ್ತರ: ಇಬ್ಬರದ್ದೂ ಖರೇ ಇರಬಹುದು. ಸಿಟ್ಟಾಗಬೇಡಿ, ಜಾರಿಕೊಳ್ಳುವ ಮಾತಲ್ಲ ಇದು.

ಗಂಟಲಿನ ಸೋಂಕಿನ ಬೆನ್ನಿಗೆ ಮಕ್ಕಳಲ್ಲಿ ಇದ್ದಕ್ಕಿದ್ದಂತೆ ಗೀಳು ಶುರುವಾಗುವುದಕ್ಕೆ ಇಟ್ಟ ಪ್ಯಾಂಡಾಸ್ ಎಂಬ ಹೆಸರು 1998ರದ್ದು. ಅಮೆರಿಕದ ಸೂಸನ್ ಸ್ವೀಡೋ ಮತ್ತು ಜೊತೆಗಾರರು ಇಂಥ 50 ಮಕ್ಕಳ ವಿವರ ಬರೆದರು. ಗಂಟಲಿನ ಸ್ಟ್ರೆಪ್ ಕ್ರಿಮಿಯನ್ನು ಹೊಡೆಯಲು ದೇಹ ತಯಾರಿಸಿದ ಪ್ರತಿಕಾಯಗಳು ದಾರಿ ತಪ್ಪಿ ಮಿದುಳಿನ ಒಳಭಾಗಕ್ಕೇ ತೊಂದರೆ ಕೊಡುತ್ತವೆ ಎಂಬುದು ಅವರ ಅಂದಾಜು. ಕಳ್ಳನನ್ನು ಹಿಡಿಯಲು ಹೋದವರು ಅದೇ ಬಣ್ಣದ ಅಂಗಿ ತೊಟ್ಟ ಪಕ್ಕದ ಮನೆಯವನಿಗೆ ಹೊಡೆದ ಹಾಗೆ. ಈ ಅಂದಾಜಿನ ಬಗ್ಗೆ ವೈದ್ಯರಲ್ಲಿ ಇಂದಿಗೂ ಜಗಳವಿದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಈ ಕಾಯಿಲೆ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ದೊಡ್ಡ ಚಿಕಿತ್ಸೆಗೆ ನಾವು ಓಡುವುದು ಯಾವಾಗ? ಅಲೆ ತುದಿಗೇರಿದಾಗ, ಅಲ್ವಾ? ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಬರುವುದು ಕೊನೆಗೆ ಕೊಟ್ಟ ಔಷಧಕ್ಕೆ. ಸಾಲದ್ದಕ್ಕೆ ಅದೇ ತಿಂಗಳು ಆಂಟಿಬಯೋಟಿಕ್, ಐಬುಪ್ರೊಫೆನ್, ಸ್ಟೆರಾಯ್ಡ್, ಜೊತೆಗೆ ಅಜ್ಜಿ ಕಟ್ಟಿಸಿದ ತಾಯಿತ, ಎಲ್ಲವೂ ನಡೆದಿರುತ್ತವೆ. ಕೆಲಸ ಮಾಡಿದ್ದು ಯಾವುದು ಅಂತ ಹೇಳುವುದು ಹೇಗೆ?

ಇದನ್ನು ಬಿಡಿಸಲೆಂದೇ ಪ್ರಯೋಗ ಮಾಡುತ್ತಾರೆ. 1999ರ ಒಂದು ಸಣ್ಣ ಪ್ರಯೋಗದಲ್ಲಿ ಐವಿಐಜಿಗೆ ಒಳ್ಳೆಯ ಫಲ ಕಂಡಿತ್ತು. 2016ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ 35 ಮಕ್ಕಳಿದ್ದರು. ಯಾರಿಗೆ ಔಷಧ, ಯಾರಿಗೆ ಸುಮ್ನೆ ಔಷಧವಿಲ್ಲದ ದ್ರವ ಎಂಬುದು ತಂದೆ-ತಾಯಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಔಷಧ ಪಡೆದ 17 ಮಕ್ಕಳಲ್ಲಿ 6 ಮಂದಿ, ಪಡೆಯದ 18ರಲ್ಲಿ 4 ಮಂದಿ ಚೇತರಿಸಿದರು. ಗೆದ್ದಿತು ಎನ್ನಲು ಈ ಅಂತರ ಸಾಲದು. ಆಮೇಲೆ ಗುಟ್ಟು ಬಿಟ್ಟು, ಇನ್ನೂ ಸುಧಾರಿಸದ ಮಕ್ಕಳಿಗೆ ಗೊತ್ತಿದ್ದೇ ಔಷಧ ಕೊಟ್ಟರು. ಆಗ ಸುಧಾರಣೆ ಬಹಳ ಜಾಸ್ತಿ ಕಂಡಿತು! ಔಷಧ ಮಾಡಿದ್ದೆಷ್ಟು, ದಿನ ಕಳೆದದ್ದು ಮಾಡಿದ್ದೆಷ್ಟು, ನಂಬಿಕೆ ಮಾಡಿದ್ದೆಷ್ಟು? ನಿಮ್ಮ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ಇದಕ್ಕೇ.

ಹಾಗಂತ ಆ ತಾಯಂದಿರ ಸಮಾಧಾನ ಸುಳ್ಳಲ್ಲ. ಎಷ್ಟೋ ಮನೆಗಳಲ್ಲಿ 'ಹುಡುಗ ಹಟಮಾರಿ', 'ತಾಯಿ ಮುದ್ದು ಮಾಡಿ ಕೆಡಿಸಿದಳು' ಎಂಬ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಕೊನೆಗೆ ಒಬ್ಬ ಡಾಕ್ಟರು ಕೂತು ಪೂರ್ತಿ ಕೇಳಿ, ಇದು ಕಾಯಿಲೆ, ನಿಮ್ಮ ತಪ್ಪಲ್ಲ ಎನ್ನುತ್ತಾರೆ. ತೃಪ್ತಿಯ ಅರ್ಧ ಪಾಲು ಅಲ್ಲೇ ಸಿಕ್ಕಿರುತ್ತದೆ ಎಂದು ನನಗನಿಸುತ್ತದೆ. ಇನ್ನೊಂದು ಮಾತು: ಗುಣ ಕಾಣದವರು ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲ.

ಖರ್ಚಿನ ಲೆಕ್ಕವನ್ನೂ ನೋಡಿ. ಐವಿಐಜಿ ಕೊಡುವುದು ತೂಕದ ಮೇಲೆ. ಆ 2016ರ ಪ್ರಯೋಗದಲ್ಲಿ ಒಟ್ಟು ಕಿಲೋಗೆ 2 ಗ್ರಾಂ ಕೊಟ್ಟಿದ್ದರು. 20 ಕಿಲೋ ಮಗುವಿಗೆ 40 ಗ್ರಾಂ, ಅಂದರೆ 5 ಗ್ರಾಮಿನ ಎಂಟು ಬಾಟಲಿ. ಒಂದೊಂದಕ್ಕೂ ಸಾವಿರಗಟ್ಟಲೆ. ತಲೆನೋವು, ವಾಂತಿ, ಜ್ವರವೂ ಬರಬಹುದು. ಹೊಲ ಒತ್ತೆ ಇಟ್ಟು ಕೊಡಿಸುವ ಮೊದಲ ಚಿಕಿತ್ಸೆ ಅಂತೂ ಇದಲ್ಲ.

ಮೊದಲು ಆಗಬೇಕಾದದ್ದು ಬೇರೆ ಇದೆ. ಗಂಟಲಿನಲ್ಲಿ ಸೋಂಕು ಇದೆಯೇ ನೋಡಿಸಿ, ಇದ್ದರೆ ಹೇಳಿದಷ್ಟೂ ದಿನ ಆಂಟಿಬಯೋಟಿಕ್ ಮುಗಿಸಿ. ಸ್ಟ್ರೆಪ್ ಸೋಂಕಿನ ಗುರುತು ಹುಡುಕುವ ಎಎಸ್‌ಒ ರಕ್ತಪರೀಕ್ಷೆ ಒಮ್ಮೆ ಜಾಸ್ತಿ ಬಂದರೆ ಅಷ್ಟಕ್ಕೇ ಪ್ಯಾಂಡಾಸ್ ಅಂತ ಅಲ್ಲ. ಕೈ ತೊಳೆಯುವ ಗೀಳಿಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿದೆ. ಭಯವಾದರೂ ತೊಳೆಯದೆ ತಡೆದುಕೊಳ್ಳುವುದನ್ನು ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ಕಲಿಸುತ್ತಾರೆ. ಗೀಳು ಕಾಯಿಲೆಯಲ್ಲಿ ಇದಕ್ಕೆ ಗಟ್ಟಿ ಪುರಾವೆ ಇದೆ. ನಿಮಗೆ ಹತ್ತಿರ ಅಂದರೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ. 'ಹುಚ್ಚಾಸ್ಪತ್ರೆ' ಅಂತ ಯಾರಾದರೂ ಅಂದರೆ ಅನ್ನಲಿ ಬಿಡಿ.

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ದಿನಾ ರಾತ್ರಿ ಬರೆಯಿರಿ: ಎಷ್ಟು ಸಲ ಕೈ ತೊಳೆದ, ಏನು ಉಂಡ, ಎಷ್ಟು ಹೊತ್ತು ಮಲಗಿದ, ಯಾವ ಔಷಧ ಯಾವತ್ತು ಶುರುವಾಯಿತು. ಹೊಸ ಚಿಕಿತ್ಸೆಗೆ ಮೊದಲು ಡಾಕ್ಟರನ್ನು ಕೇಳಿ: ಎಷ್ಟು ವಾರದಲ್ಲಿ ಏನು ಬದಲಾಗಬೇಕು, ಬದಲಾಗದಿದ್ದರೆ ನಿಲ್ಲಿಸುತ್ತೀರಾ? ಆದಷ್ಟು ಒಂದು ಸಲಕ್ಕೆ ಒಂದೇ ಬದಲಾವಣೆ.

ಆದರೆ ಕೈಕಾಲು ತಾವಾಗಿ ಕುಣಿದಂತೆ ಆಡುತ್ತಿದ್ದರೆ, ಹಿಡಿದ ಲೋಟ ಬೀಳುತ್ತಿದ್ದರೆ ಬೇಗ ತೋರಿಸಿ. ಅದು ಸಿಡೆನ್ಹಾಮ್ ಕೊರಿಯಾ ಇರಬಹುದು, ಸಂಧಿವಾತ ಜ್ವರದ ಮಗ್ಗುಲು. ಅದರಲ್ಲಿ ಹೃದಯದ ಎಕೋ ಸ್ಕ್ಯಾನ್ ಬೇಕೇ ಬೇಕು, ಪೆನ್ಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ತಪ್ಪಿಸುವಂತಿಲ್ಲ. ಮಗ ನೀರೂ ಕುಡಿಯದಿದ್ದರೆ ಅಥವಾ ಫಿಟ್ಸ್ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.