ಆರನೇ ಹಲ್ಲು ಹಾಲು ಹಲ್ಲಲ್ಲ

“ಹಾಲು ಹಲ್ಲು ತಾನೆ ಡಾಕ್ಟರಮ್ಮ, ಕಿತ್ತುಬಿಡಿ, ಹೊಸದು ಬರುತ್ತದೆ.” ಮಕ್ಕಳ ದಂತ ವಿಭಾಗದಲ್ಲಿ ಈ ಮಾತು ಕೇಳದ ವಾರವಿಲ್ಲ. ಹೀಗೆನ್ನುವವರು ತೋರಿಸುವುದು ಬಹುಪಾಲು ಒಂದೇ ಹಲ್ಲನ್ನು: ಕೆಳದವಡೆಯ ಹಿಂಬದಿಯಲ್ಲಿ, ನಡುವೆ ಕಪ್ಪು ಗುಳಿ ಬಿದ್ದ ದೊಡ್ಡ ಹಲ್ಲನ್ನು. ಅದು ಹಾಲು ಹಲ್ಲಲ್ಲ. ಅದನ್ನು ಕಿತ್ತರೆ ಆ ಜಾಗದಲ್ಲಿ ಇನ್ನೊಂದು ಹುಟ್ಟುವುದಿಲ್ಲ.

ಎಷ್ಟು ಸಾರಿ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಮಾತು ಇದು. ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಗುವಿಗೆ ಹಾಲು ಹಲ್ಲುಗಳು ಒಟ್ಟು 20. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಪಾಲು ಮಾಡಿದರೆ ತಲಾ ಐದು. ಆರು ವರ್ಷದ ಆಸುಪಾಸಿನಲ್ಲಿ ಈ ಐದರ ಹಿಂದೆ, ಖಾಲಿ ಇದ್ದ ವಸಡಿನಲ್ಲಿ, ಆರನೆಯದು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳಬೇಕಿಲ್ಲ. ಎಡವಟ್ಟಾಗುವುದೇ ಇಲ್ಲಿ. ಮುಂದಿನ ಹಲ್ಲು ಅಲುಗಾಡಿ ಬಿದ್ದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ, ಅದನ್ನು ಹಂಚಿನ ಮೇಲೆ ಎಸೆಯುವ ಸಂಭ್ರಮವೂ ನಡೆಯುತ್ತದೆ. ಆರನೆಯದು ಬಂದದ್ದು ಅಮ್ಮನಿಗೂ ತಿಳಿಯುವುದಿಲ್ಲ. ಹಲ್ಲು ಬಿದ್ದಿಲ್ಲ, ಆದ್ದರಿಂದ ಹೊಸದು ಬಂದಿಲ್ಲ ಎಂಬುದು ಎಲ್ಲರ ಲೆಕ್ಕ.

ಇವತ್ತೇ ಮಗುವಿನ ಬಾಯಿ ತೆರೆಸಿ ಎಣಿಸಿ. ಮುಂದಿನ ಎರಡು ಹಲ್ಲುಗಳ ನಡುವಿನಿಂದ ಶುರುಮಾಡಿ ಒಂದು ಪಕ್ಕಕ್ಕೆ ಹೋಗಿ. ಹಲ್ಲು ಬಿದ್ದ ಜಾಗವಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಐದು ದಾಟಿ ಆರನೆಯದು ಸಿಕ್ಕಿದರೆ ಅದು ಮುಪ್ಪಿನವರೆಗೂ ಅಗಿಯಬೇಕಾದ ಹಲ್ಲು.

ಇಷ್ಟು ಬೆಲೆಬಾಳುವ ಹಲ್ಲು ಬರುವುದು ತೀರ ಕೆಟ್ಟ ಹೊತ್ತಿನಲ್ಲಿ. ಮಗುವಿಗೆ ಆಗ ಸರಿಯಾಗಿ ಬ್ರಷ್ ಹಿಡಿಯಲೂ ಬರುವುದಿಲ್ಲ. ಹಲ್ಲು ಪೂರ್ತಿ ಮೇಲೇರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಉಳಿದವುಗಳಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದರ ಮೇಲಿಂದ ಹಾದುಹೋಗುತ್ತದೆಯೇ ಹೊರತು ಅದಕ್ಕೆ ತಾಕುವುದಿಲ್ಲ. ಮೇಲ್ಮೈ ತುಂಬ ಆಳವಾದ ಗೆರೆಗಳು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಪಕ್ವವಾಗಲು ಇನ್ನೂ ಎರಡು ಮೂರು ವರ್ಷ ಬೇಕು.

ಇಲ್ಲಿಯವರೆಗೆ ಬಡವರ ಮಗುವಿಗೂ ಉಳ್ಳವರ ಮಗುವಿಗೂ ವ್ಯತ್ಯಾಸವಿಲ್ಲ. ದುಬಾರಿ ಶಾಲೆಯ ಮಕ್ಕಳು ಸಿಹಿ ಕಡಿಮೆ ತಿನ್ನುತ್ತಾರೆಂದು ಯಾರೂ ಭಾವಿಸಬೇಡಿ, ಸಂಜೆಯ ನನ್ನ ಕ್ಲಿನಿಕ್ಕಿಗೆ ಬರುವವರು ಅವರೇ. ವ್ಯತ್ಯಾಸ ಶುರುವಾಗುವುದು ಹುಳುಕು ಹಿಡಿದ ಮೇಲೆ. ಸಮೀಕ್ಷೆಗಳಲ್ಲಿ ನಾವು ಕೆಟ್ಟ ಹಲ್ಲು, ಹುಳುಕಿನಿಂದ ಕಳೆದುಕೊಂಡ ಹಲ್ಲು, ತುಂಬಿಸಿದ ಹಲ್ಲು ಮೂರನ್ನೂ ಕೂಡಿಸಿ ಮಗುವಿಗೊಂದು ಅಂಕಿ ಬರೆಯುತ್ತೇವೆ. ಇಬ್ಬರು ಮಕ್ಕಳಿಗೂ ಎರಡು ಎಂದೇ ಬರಬಹುದು. ಒಬ್ಬನ ಎರಡೂ ಹಲ್ಲು ತುಂಬಿಸಿದ್ದಾಗಿರುತ್ತವೆ. ಇನ್ನೊಬ್ಬಳದು ಒಂದು ಕೊಳೆಯುತ್ತಿದೆ, ಒಂದು ಆಗಲೇ ಹೋಗಿದೆ. ಶಿಬಿರ ಮುಗಿಸಿ ಬರುವಾಗ ಸರ್ಕಾರಿ ಶಾಲೆಯ ಹಾಳೆಗಳಲ್ಲಿ ‘ತುಂಬಿಸಿದ್ದು’ ಎಂಬ ಕಾಲಂ ಹೆಚ್ಚು ಕಡಿಮೆ ಖಾಲಿಯೇ ಇರುತ್ತದೆ. ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರಿಗೆ ಹುಳುಕು ಇತ್ತು. ಅದರಲ್ಲಿ ಎಷ್ಟು ಹಲ್ಲಿಗೆ ಆರೈಕೆ ಸಿಕ್ಕಿತು ಎಂದು ಕೇಳಿದಾಗಲೇ ಮನೆಯ ಸ್ಥಿತಿ ಕಾಣುವುದು.

ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ಅಜ್ಜಿ ಕರೆತಂದಿದ್ದರು. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ನೋವಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸಿದಳು. ಬಾಯಿ ಬೇರೆಯದನ್ನೇ ಹೇಳುತ್ತಿತ್ತು: ಎಡಗಡೆಯ ಹಲ್ಲುಗಳು ಸ್ವಚ್ಛ, ಬಲಗಡೆ ಪೂರ್ತಿ ಹಳದಿ ಪಾಚಿ. ಆ ಪಕ್ಕದಲ್ಲಿ ಅಗಿಯುವುದನ್ನೇ ಮಗು ಬಿಟ್ಟು ಎಷ್ಟು ದಿನವಾಗಿತ್ತೋ. ಅಜ್ಜಿಗೆ ಕನ್ನಡಿ ಹಿಡಿದು ಒಂದರಿಂದ ಆರರವರೆಗೆ ಎಣಿಸಿ ತೋರಿಸಿದೆ. ಅವರು ಬಗ್ಗಿ ನೋಡಿ, “ಅಯ್ಯೋ, ಇದು ಯಾವಾಗ ಬಂತು?” ಎಂದರು. ಉಳಿಸಬಹುದು, ನಾಲ್ಕು ಸಲ ಬರಬೇಕಾಗಬಹುದು ಎಂದಾಗ ಸುಮ್ಮನಾದರು. ನಾಲ್ಕು ಸಲ ಎಂದರೆ ನಾಲ್ಕು ಕೂಲಿ, ಜೊತೆಗೆ ಬಸ್ಸಿನ ಖರ್ಚು. ಕೀಳುವುದಾದರೆ ಒಂದೇ ದಿನದ ಕೆಲಸ. ಇಂಥವರನ್ನು ನಿರ್ಲಕ್ಷ್ಯದವರೆಂದು ಗದರುವ ವೈದ್ಯರನ್ನೂ ಮೇಷ್ಟರನ್ನೂ ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗುವಿನ ಕೈಗೆ ಐದು ರೂಪಾಯಿಯ ಬಿಸ್ಕತ್ತು ಕೊಟ್ಟ ಅಜ್ಜಿಗೆ ಅದು ಚಾಕೊಲೇಟಿನಷ್ಟೇ ಹಲ್ಲಿಗೆ ಅಂಟುತ್ತದೆಂದು ಯಾರು ಹೇಳಿದ್ದರು?

ಎಂಟರಿಂದ ಹತ್ತು ವರ್ಷದೊಳಗೆ ತೀರ ಕೆಟ್ಟ ಆರನೇ ಹಲ್ಲನ್ನು ನಾವೇ ಯೋಚಿಸಿ ತೆಗೆಯುವುದುಂಟು. ಹಿಂದಿನ ಹಲ್ಲು ಮುಂದಕ್ಕೆ ಸರಿದು ಜಾಗ ತುಂಬುವ ಸಾಧ್ಯತೆ ಆಗ ಇರುತ್ತದೆ. ಅದನ್ನು ಎಕ್ಸ್-ರೇ ನೋಡಿ ತೀರ್ಮಾನಿಸಬೇಕು. ‘ಹೊಸದು ಬರುತ್ತದೆ’ ಎಂಬ ಭರವಸೆಯ ಮೇಲೆ ಕೀಳಿಸಿದರೆ ಅಕ್ಕಪಕ್ಕದವು ವಾಲುತ್ತವೆ, ಎದುರಿನದು ಖಾಲಿ ಜಾಗಕ್ಕೆ ಇಳಿಯುತ್ತದೆ.

ಹುಳುಕು ಹಿಡಿಯುವ ಮೊದಲೇ ಗೆರೆಗಳನ್ನು ಮುಚ್ಚುವುದು ಸುಲಭ. ಗ್ಲಾಸ್ ಅಯನೋಮರ್ ಸಿಮೆಂಟಿನಿಂದ ಶಾಲೆಯ ಬೆಂಚಿನ ಮೇಲೆಯೇ, ಡ್ರಿಲ್ಲೂ ವಿದ್ಯುತ್ತೂ ಇಲ್ಲದೆ ಮಾಡಬಹುದು. ಈ ಸಿಮೆಂಟನ್ನೂ ಫ್ಲೋರೈಡ್ ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹಲ್ಲಿಲ್ಲದ ಬಡ ಹಿರಿಯರಿಗೆ ದಂತಭಾಗ್ಯದಲ್ಲಿ ಕೃತಕ ಹಲ್ಲು ಕೊಟ್ಟ ರಾಜ್ಯಕ್ಕೆ ಒಂದನೇ ಎರಡನೇ ತರಗತಿಯ ಮಕ್ಕಳ ನಾಲ್ಕು ಹಲ್ಲು ಮುಚ್ಚಿಸುವುದು ಭಾರವಾಗಲಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುತ್ತದೆ, ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲೂ ಇದೆ. ಆರನೇ ಹಲ್ಲು ನೋಡಿದಿರಾ ಎಂದು ಶಿಕ್ಷಕರು ದಯವಿಟ್ಟು ಕೇಳಬೇಕು.

ಮನೆಯಲ್ಲಿ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ರಾತ್ರಿ ಮಲಗುವ ಮುನ್ನ ದೊಡ್ಡವರೇ ಬ್ರಷ್ಷನ್ನು ಅಡ್ಡಲಾಗಿ ಹಿಡಿದು ಆ ಹಲ್ಲನ್ನು ಉಜ್ಜಬೇಕು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆ ಮಗು ಪೇಸ್ಟ್ ನುಂಗದಂತೆ ನೋಡಿಕೊಂಡು, ಒಮ್ಮೆ ದಂತವೈದ್ಯರನ್ನು ವಿಚಾರಿಸಿ. ಹನ್ನೆರಡರ ಸುಮಾರಿಗೆ ಇದರ ಹಿಂದೆ ಏಳನೆಯದು ಬರುತ್ತದೆ. ಅದು ಬರುವಾಗಲೂ ಯಾವ ಹಲ್ಲೂ ಬೀಳುವುದಿಲ್ಲ.