ಪದ ಪರಿಚಯ: ಎಂಒಸಿ

ಆಸಿಡ್‌ಗೆ ಒಂದು ಪಂಪು ಬೇಕು ಅಂತ ಕೊಟೇಶನ್ ಕೇಳಿ ನೋಡಿ. ಬೆಲೆ ಹೇಳುವ ಮೊದಲು ಆ ಕಡೆಯಿಂದ ಪ್ರಶ್ನೆ ಬರುತ್ತದೆ: "ಎಂಒಸಿ ಏನು ಸಾರ್?" ಮೆಟೀರಿಯಲ್ ಆಫ್ ಕನ್‌ಸ್ಟ್ರಕ್ಷನ್ ಎಂಬುದರ ಚಿಕ್ಕ ರೂಪ ಇದು. ಯಂತ್ರದ ಭಾಗವನ್ನು, ಅದರಲ್ಲೂ ರಾಸಾಯನಿಕ ತಾಗುವ ಭಾಗವನ್ನು, ಯಾವುದರಿಂದ ಮಾಡಿದ್ದಾರೆ ಎನ್ನುವುದೇ ಎಂಒಸಿ. ಒಂದೇ ಪಂಪಿನಲ್ಲೂ ಕೇಸಿಂಗ್, ಇಂಪೆಲ್ಲರ್, ಶಾಫ್ಟ್, ಸೀಲ್ ಇವಕ್ಕೆ ಬೇರೆ ಬೇರೆ ಎಂಒಸಿ ಇರಬಹುದು.

ಫ್ಯಾಕ್ಟರಿ ಮಾತು ಅನ್ನಿಸಿದರೂ ಮಲೆನಾಡಿನ ತೋಟದವರಿಗೆ ಇದು ಹೊಸದೇನಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಯಾರೂ ಕರಗಿಸುವುದಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣದ ಪಾತ್ರೆಯಾದರೆ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ, ನೀರಿನಲ್ಲಿದ್ದ ತಾಮ್ರ ಹೊರಬಂದು ಪಾತ್ರೆಗೆ ಅಂಟುತ್ತದೆ. ಪಾತ್ರೆಯೂ ಹಾಳು, ಔಷಧಿಯೂ ಹಾಳು. ಸುಣ್ಣ ಸಾಕಾಯ್ತಾ ಅಂತ ನೋಡಲು ಕತ್ತಿ ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅದರ ಮೇಲೆ ಕೆಂಪು ಕೂರುವುದೂ ಇದೇ ಕ್ರಿಯೆಯಿಂದ.

ಅಡಿಕೆ ಬೇಯಿಸುವ ತಾಮ್ರದ ಹಂಡೆಯ ವಿಷಯ ಸ್ವಲ್ಪ ಬೇರೆ. ಕಬ್ಬಿಣದ ಹಂಡೆ ಇಟ್ಟರೆ ಅದೇನೂ ಒಂದೇ ದಿನಕ್ಕೆ ತೂತಾಗುವುದಿಲ್ಲ. ಆದರೆ ಚೊಗರಿನ (ಅಡಿಕೆ ಬೇಯಿಸಿದ ಕಷಾಯದ) ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಶಾಯಿಯಂಥ ಕಪ್ಪು. ಅಡಿಕೆಯ ಬಣ್ಣ ಕೆಟ್ಟರೆ ರೇಟು ಕೆಟ್ಟಿತು. ಹಾಗಾಗಿ ಎಂಒಸಿ ಆರಿಸುವಾಗ ಪಾತ್ರೆ ಎಷ್ಟು ವರ್ಷ ಬಾಳುತ್ತದೆ ಅನ್ನುವುದರ ಜೊತೆಗೆ ಒಳಗಿರುವ ಮಾಲು ಕೆಡುತ್ತದೆಯೇ ಅನ್ನುವುದನ್ನೂ ನೋಡುತ್ತಾರೆ. ಔಷಧಿ, ಆಹಾರದ ಕಾರ್ಖಾನೆಗಳಲ್ಲಿ ಈ ಎರಡನೆಯದೇ ಎಷ್ಟೋ ಸಲ ದೊಡ್ಡ ತಲೆನೋವು.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಆಸಿಡ್ ಗಟ್ಟಿ ಇದ್ದಷ್ಟೂ ಲೋಹವನ್ನು ಜಾಸ್ತಿ ತಿನ್ನುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? 98% ಸಲ್ಫ್ಯೂರಿಕ್ ಆಸಿಡ್ ಅನ್ನು ಸಾದಾ ಉಕ್ಕಿನ ಟ್ಯಾಂಕಿನಲ್ಲೇ ತುಂಬಿಡುತ್ತಾರೆ! ಉಕ್ಕಿನ ಮೇಲೆ ಕಬ್ಬಿಣದ ಸಲ್ಫೇಟ್‌ನ ಪದರ ಕೂತು, ಒಳಗಿನ ಲೋಹವನ್ನು ಅದೇ ಕಾಯುತ್ತದೆ. ಪೈಪಿನಲ್ಲಿ ಆಸಿಡ್ ರಭಸವಾಗಿ ಹರಿದರೆ ಆ ಪದರ ಕಿತ್ತುಹೋಗುತ್ತದೆ. ನೀರು ಬೆರೆತು ಆಸಿಡ್ ತೆಳುವಾದರಂತೂ ಉಕ್ಕು ಬೇಗ ಕರಗುತ್ತದೆ, ಹೈಡ್ರೋಜನ್ ಅನಿಲವೂ ಹೊರಡುತ್ತದೆ. ಗಟ್ಟಿ ಆಸಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿ ಟ್ಯಾಂಕಿನೊಳಗೆ ಸುಮ್ನೆ ಆಡುತ್ತಿದ್ದರೆ ಏನಾಗಬಹುದು, ಯೋಚಿಸಿ. ಗಾಳಿ ಒಳಬರುವ ಕೊಳವೆಗೆ ತೇವ ಹೀರುವ ಡಬ್ಬಿ ಹಾಕುವುದು ಇದಕ್ಕೇ.

ಕ್ಲೋರಿನ್ ಇನ್ನೂ ವಿಚಿತ್ರ. ಒಣ ಕ್ಲೋರಿನ್ ಉಕ್ಕಿನ ಸಿಲಿಂಡರಿನಲ್ಲಿ ತೆಪ್ಪಗಿರುತ್ತದೆ. ತೇವ ಸೇರಿದರೆ ಉಕ್ಕನ್ನು ಬಿಡುವುದಿಲ್ಲ. ಟೈಟಾನಿಯಂ ಇದಕ್ಕೆ ಪೂರ್ತಿ ಉಲ್ಟಾ: ತೇವದ ಕ್ಲೋರಿನ್‌ಗೆ ಚೆನ್ನಾಗಿ ತಡೆಯುತ್ತದೆ, ಒಣ ಕ್ಲೋರಿನ್‌ನಲ್ಲಿ ಹೊತ್ತಿಕೊಳ್ಳಬಹುದು. ದುಬಾರಿ ಲೋಹ ಹಾಕಿದೆ ಅನ್ನುವುದು ಇಲ್ಲಿ ಸಮಾಧಾನವಲ್ಲ, ಅಪಾಯ.

ಹಾಗಾಗಿಯೇ "ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಹಾಕಿಬಿಡಿ, ತುಕ್ಕು ಹಿಡಿಯಲ್ಲ" ಎನ್ನುವ ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. 304 ದರ್ಜೆಯ ಎಸ್‌ಎಸ್‌ನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. 316ರಲ್ಲಿ ಅದರ ಮೇಲೆ 2ರಿಂದ 3% ಮಾಲಿಬ್ಡಿನಂ. ನೈಟ್ರಿಕ್ ಆಸಿಡ್‌ಗೆ 304 ಒಳ್ಳೆಯ ಆಯ್ಕೆ. ಹೈಡ್ರೋಕ್ಲೋರಿಕ್ ಆಸಿಡ್‌ಗೆ 304 ಕೂಡ ಬೇಡ, 316 ಕೂಡ ಬೇಡ. ಅಲ್ಲಿ ಒಳಗೆ ರಬ್ಬರ್ ಹೊದಿಸಿದ ಉಕ್ಕು, ಎಫ್‌ಆರ್‌ಪಿ (ನಾರು ಸೇರಿಸಿ ಬಲಪಡಿಸಿದ ಪ್ಲಾಸ್ಟಿಕ್) ಅಥವಾ ಸಾದಾ ಪ್ಲಾಸ್ಟಿಕ್ ಬೇಕು. ಪ್ಲಾಸ್ಟಿಕ್ಕಿಗೆ ಬಿಸಿಯದೇ ಚಿಂತೆ: ಪಿವಿಸಿ 60 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಸೋಲುತ್ತದೆ, ಟೆಫ್ಲಾನ್ 260ರವರೆಗೂ ತಾಳುತ್ತದೆ. ಗಾಜು ಹೊದಿಸಿದ ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆ) ಬಹಳಷ್ಟು ಆಸಿಡ್‌ಗಳಿಗೆ ಸರಿ. ಹೈಡ್ರೋಫ್ಲೋರಿಕ್ ಆಸಿಡ್ ಮತ್ತು ಬಿಸಿ ಕಾಸ್ಟಿಕ್ ಸೋಡಾ ಗಾಜನ್ನೇ ತಿನ್ನುತ್ತವೆ.

ಲೋಹ ಸವೆಯುವ ವೇಗವನ್ನು ವರ್ಷಕ್ಕೆ ಎಷ್ಟು ಮಿಲಿಮೀಟರ್ ಎಂದು ಹೇಳುತ್ತಾರೆ. ವರ್ಷಕ್ಕೆ 0.1 ಮಿಮೀ ಸವೆದರೆ, ತಗಡಿಗೆ 3 ಮಿಮೀ ಹೆಚ್ಚು ದಪ್ಪ ಕೊಟ್ಟು 30 ವರ್ಷ ತಳ್ಳಬಹುದು. ಈ ಹೆಚ್ಚಿನ ದಪ್ಪಕ್ಕೆ ಕೊರೋಷನ್ ಅಲೋಯೆನ್ಸ್ ಎಂದು ಹೆಸರು. ಎಲ್ಲ ಕಡೆ ಒಂದೇ ಸಮ ಸವೆದರೆ ಮಾತ್ರ ಈ ಲೆಕ್ಕ. ಕ್ಲೋರೈಡ್ ಇರುವ ನೀರು ಎಸ್‌ಎಸ್‌ಗೆ ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ. ಸುತ್ತಲೂ ತಗಡು ಫಳಫಳ ಅನ್ನುತ್ತಿರುತ್ತದೆ, ಒಂದೇ ಚುಕ್ಕೆಯಲ್ಲಿ ಸೋರುತ್ತದೆ. ಗ್ಯಾಸ್ಕೆಟ್ಟು, ಬೋಲ್ಟುಗಳ ಎಂಒಸಿ ಕೇಳುವುದನ್ನಂತೂ ಎಷ್ಟೋ ಜನ ಮರೆತೇಬಿಡುತ್ತಾರೆ.

ಆದ್ದರಿಂದ ಎಂಒಸಿ ಕೇಳಿದವರಿಗೆ ರಾಸಾಯನಿಕದ ಹೆಸರೊಂದನ್ನೇ ಹೇಳಿದರೆ ಸಾಲದು. ಎಷ್ಟು ಪರ್ಸೆಂಟ್, ಎಷ್ಟು ಬಿಸಿ, ಜೊತೆಯಲ್ಲಿ ಇನ್ನೇನು ಬೆರೆತಿದೆ, ಎಷ್ಟು ವೇಗದಲ್ಲಿ ಹರಿಯುತ್ತದೆ ಎಂಬುದನ್ನೂ ಹೇಳಿ. ಕೆಲಸ ನಿಂತಾಗ ಹೇಗೆ ತೊಳೆಯುತ್ತೀರಿ ಎಂಬುದನ್ನೂ ಬಿಡಬೇಡಿ. ಗಟ್ಟಿ ಸಲ್ಫ್ಯೂರಿಕ್‌ಗೆಂದು ಹಾಕಿದ ಉಕ್ಕಿನ ಪೈಪಿಗೆ ಅರೆಬರೆ ನೀರು ಬಿಟ್ಟು ಹಾಗೇ ಮುಚ್ಚಿಟ್ಟರೆ, ಮೂಲೆಯಲ್ಲಿ ಉಳಿಯುವುದು ತೆಳು ಆಸಿಡ್. ಆ ಪೈಪಿನ ಎಂಒಸಿಯನ್ನು ತೆಳು ಆಸಿಡ್‌ಗೆ ಅಂತ ಯಾರೂ ಆರಿಸಿರುವುದಿಲ್ಲ.