ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಅಷ್ಟು ಸಾಲದೇ?

ಪ್ರಶ್ನೆ: ಜಯನಗರದಲ್ಲಿ ನಮ್ಮದು ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡ. ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು ಮತ್ತು ಒಂದು ಡಯಾಗ್ನೋಸ್ಟಿಕ್ ಸೆಂಟರ್. ಮೆಟ್ಟಿಲು, ಕಾರಿಡಾರುಗಳಲ್ಲಿ ಎಮರ್ಜೆನ್ಸಿ ಲೈಟ್ ಹಾಕಿಸಿದ್ದೇವೆ. ಎಲೆಕ್ಟ್ರಿಷಿಯನ್ ತಿಂಗಳಿಗೊಮ್ಮೆ ಬಂದು ಟೆಸ್ಟ್ ಬಟನ್ ಒತ್ತಿ, ದೀಪ ಉರಿದದ್ದನ್ನು ನೋಡಿ, ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಾರೆ. ಕರೆಂಟಂತೂ ಆಗಾಗ ಹೋಗುತ್ತಲೇ ಇರುತ್ತದೆ, ಆಗಲೂ ಉರಿಯುತ್ತವೆ. ಇದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕೇ?

ಉತ್ತರ: ಬೇಕು. ಬಟನ್ ಒತ್ತಿದಾಗ ತಿಳಿಯುವುದು ಇಷ್ಟೇ: ದೀಪ ಸುಟ್ಟಿಲ್ಲ, ಬ್ಯಾಟರಿ ಪೂರ್ತಿ ಸತ್ತಿಲ್ಲ. ಎಷ್ಟು ಹೊತ್ತು ಉರಿಯುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಎಷ್ಟೇ ಚಿಕ್ಕ ಕಟ್ಟಡವಾದರೂ 90 ನಿಮಿಷ ಬೆಳಕು ಇರಬೇಕು ಎನ್ನುತ್ತದೆ. ಅಷ್ಟು ಹೊತ್ತು ಉರಿಯುತ್ತದೋ ಇಲ್ಲವೋ ಎಂದು ತಿಳಿಯಲು ಅಷ್ಟು ಹೊತ್ತು ಉರಿಸಿಯೇ ನೋಡಬೇಕು.

ಒಂದು ಲೆಕ್ಕ ನೋಡಿ. ಎರಡು ಕಣ್ಣಿನ ಗೋಡೆ ಲೈಟ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಎಸ್‌ಎಂಎಫ್ ಬ್ಯಾಟರಿ (ನೀರು ತುಂಬುವ ಗೊಡವೆಯಿಲ್ಲದ, ಮುಚ್ಚಿದ ಸೀಸದ ಬ್ಯಾಟರಿ) ಇರುತ್ತದೆ. ಎರಡೂ ದೀಪ ಸೇರಿ 20 ವ್ಯಾಟ್ ಎಂದರೆ ಸುಮಾರು 1.7 ಆಂಪಿಯರ್ ಎಳೆತ. ಬ್ಯಾಟರಿ ಮೇಲೆ ಬರೆದಿರುವ 7 ಎಂಬ ಸಂಖ್ಯೆ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವುದು. ಈ ವೇಗದಲ್ಲಿ ಎಳೆದರೆ 5ರ ಆಸುಪಾಸು ಸಿಗುತ್ತದೆ. ಹೊಸ ಬ್ಯಾಟರಿ ಹೆಚ್ಚುಕಡಿಮೆ ಮೂರು ಗಂಟೆ ಉರಿಸುತ್ತದೆ. ಅದೇ ಬ್ಯಾಟರಿ ಮೂರು ವರ್ಷ ಗೋಡೆಯಲ್ಲಿದ್ದು ಅರ್ಧ ಸಾಮರ್ಥ್ಯಕ್ಕೆ ಇಳಿದರೆ 90 ನಿಮಿಷ ಮುಟ್ಟುವುದೇ ಕಷ್ಟ. ಕಾಲು ಭಾಗಕ್ಕೆ ಇಳಿದರೆ ಮುಕ್ಕಾಲು ಗಂಟೆಯೂ ಅನುಮಾನ. ಈ ಮೂರೂ ಸ್ಥಿತಿಯಲ್ಲಿ ನೀವು ಬಟನ್ ಒತ್ತಿದಾಗ ದೀಪ ಒಂದೇ ರೀತಿ ಫಳಫಳ ಹೊಳೆಯುತ್ತದೆ.

ಮಲ್ಟಿಮೀಟರ್ ಹಿಡಿದರೂ ಅದೇ ಕಥೆ. ಚಾರ್ಜರ್ ಆನ್ ಇರುವಾಗ ಬ್ಯಾಟರಿಯ ತುದಿಗಳಲ್ಲಿ 13.5ರಿಂದ 13.8 ವೋಲ್ಟ್ ತೋರಿಸುವುದು ಚಾರ್ಜರ್‌ನ ಕೆಲಸ, ಬ್ಯಾಟರಿಯ ಗುಣವಲ್ಲ. ಲೋಡ್ ಹಾಕಿ, 90ನೇ ನಿಮಿಷದಲ್ಲಿ ಅಳೆದಾಗ 10.5 ವೋಲ್ಟ್‌ಗಿಂತ ಮೇಲಿದ್ದರೆ ಆ ಬ್ಯಾಟರಿ ಪಾಸು. 6 ವೋಲ್ಟ್‌ನದಾದರೆ 5.25. ಇನ್ನು ಆ ಹಸಿರು ದೀಪ! ಬಹಳಷ್ಟು ಮಾದರಿಗಳಲ್ಲಿ ಅದು ‘ಕರೆಂಟ್ ಬರುತ್ತಿದೆ’ ಎಂದಷ್ಟೇ ಹೇಳುತ್ತದೆ. ಬ್ಯಾಟರಿ ತಂತಿ ಕಳಚಿದ್ದರೂ ಹಸಿರೇ.

ಈಗ ಕರೆಂಟ್ ಹೋಗುವ ವಿಚಾರ. ಜನರೇಟರ್ ಇರುವ ಕಟ್ಟಡದಲ್ಲಿ ಬೆಸ್ಕಾಂ ಕರೆಂಟ್ ಹೋದ ಹತ್ತು ಹದಿನೈದು ಸೆಕೆಂಡಿನಲ್ಲಿ ಡಿಜಿ ಎತ್ತಿಕೊಳ್ಳುತ್ತದೆ. ಎಮರ್ಜೆನ್ಸಿ ಲೈಟ್ ಉರಿಯುವುದು ಆ ನಡುವಿನ ಕೆಲವೇ ಕ್ಷಣ. ವರ್ಷಕ್ಕೆ ನೂರು ಸಲ ಕರೆಂಟ್ ಹೋದರೂ ಬ್ಯಾಟರಿ ಒಂದು ಸಲವೂ ಐದು ನಿಮಿಷ ದುಡಿದಿರುವುದಿಲ್ಲ. ಜನರೇಟರ್ ಇಲ್ಲದ ಕಟ್ಟಡದಲ್ಲಿ ತೊಂದರೆ ತಿರುವುಮುರುವು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮರ ಬಿದ್ದು ಎರಡು ಮೂರು ತಾಸು ಕರೆಂಟ್ ಇಲ್ಲದಿದ್ದರೆ ಬ್ಯಾಟರಿ ಪೂರ್ತಿ ಬಸಿದುಹೋಗುತ್ತದೆ. ಮತ್ತೆ ತುಂಬಲು ಸುಮಾರು 24 ಗಂಟೆ ಬೇಕು. ಆ ನಡುವೆ ಏನಾದರೂ ಆದರೆ ಗೋಡೆಯ ಮೇಲಿರುವುದು ಬರೀ ಡಬ್ಬಿ.

ಇನ್ನೊಂದು ಮಾತು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಬೆಂಕಿ ಬಿದ್ದಾಗ ಊರಿನ ಕರೆಂಟ್ ಹೋಗಬೇಕೆಂದಿಲ್ಲ. ಒಂದು ಮಹಡಿಯ ವೈರ್ ಕಾದು ಆ ಮಹಡಿಯ ಲೈಟಿನ ಎಂಸಿಬಿ (ತೊಂದರೆಯಾದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಮಾತ್ರ ಬೀಳಬಹುದು. ಮೇನ್ ಇದ್ದೇ ಇರುತ್ತದೆ, ಜನರೇಟರ್‌ಗೆ ಸುದ್ದಿಯೇ ಇರುವುದಿಲ್ಲ, ಮೆಟ್ಟಿಲು ಮಾತ್ರ ಕತ್ತಲು. ಹಾಗಾಗಿ ಎಮರ್ಜೆನ್ಸಿ ಲೈಟ್ ತನ್ನ ಸುತ್ತಲಿನ ಸಾಮಾನ್ಯ ದೀಪಗಳ ಸರ್ಕ್ಯೂಟಿನಿಂದಲೇ ಫೇಸ್ (ಕರೆಂಟ್ ತರುವ ತಂತಿ) ಪಡೆದಿರಬೇಕು, ಆ ಸರ್ಕ್ಯೂಟ್ ಸತ್ತರೆ ಅದಕ್ಕೆ ಗೊತ್ತಾಗಬೇಕು. ಅದನ್ನು ಯುಪಿಎಸ್ ಲೈನಿಗೆ ಕೊಟ್ಟಿರುವ ಕಚೇರಿಗಳು ಕಡಿಮೆಯಿಲ್ಲ. ‘ಯುಪಿಎಸ್ ಅಲ್ಲವಾ ಸಾರ್, ಇನ್ನೂ ಸೇಫ್’ ಎಂಬ ಸಮಜಾಯಿಷಿ ಬೇರೆ. ಸುತ್ತ ಕತ್ತಲಾದರೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಇರುವುದರಿಂದ ಎಮರ್ಜೆನ್ಸಿ ಲೈಟ್ ಹತ್ತುವುದೇ ಇಲ್ಲ.

ಆದ್ದರಿಂದ ತಿಂಗಳ ಪರೀಕ್ಷೆಯನ್ನು ಬಟನ್ನಿನಿಂದ ಮಾಡಬೇಡಿ, ಡಿಬಿಯಿಂದ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಿಂದ ಮಾಡಿ. ಮಹಡಿಯ ಡಿಬಿ ತೆರೆದು ಲೈಟಿನ ಎಂಸಿಬಿ ಆಫ್ ಮಾಡಿದರೆ ಆ ಮಹಡಿಯ ಎಮರ್ಜೆನ್ಸಿ ಲೈಟ್‌ಗಳೆಲ್ಲ ತಾವಾಗಿಯೇ ಹತ್ತಬೇಕು. ಎರಡು ಮೂರು ನಿಮಿಷದಲ್ಲಿ ಒಬ್ಬರು ಮಹಡಿ ಸುತ್ತಿ ಎಣಿಸಿ ಬರಬಹುದು. ಹತ್ತದೇ ಇರುವುದು ಸಿಕ್ಕಿದರೆ ಅದರ ಬಟನ್ ಒತ್ತಿ ನೋಡಿ. ಬಟನ್ನಿಗೆ ಹತ್ತಿ ಎಂಸಿಬಿಗೆ ಹತ್ತದಿದ್ದರೆ ವೈರಿಂಗ್ ತಪ್ಪಿದೆ. ಎರಡಕ್ಕೂ ಹತ್ತದಿದ್ದರೆ ಬ್ಯಾಟರಿ, ದೀಪ ಅಥವಾ ಒಳಗಿನ ಫ್ಯೂಸ್. ಎಂಸಿಬಿ ಮತ್ತೆ ಆನ್ ಮಾಡಿ, ಎಲ್ಲ ಲೈಟ್‌ಗಳಲ್ಲೂ ಚಾರ್ಜ್ ಸೂಚಕ ಬಂತೇ ಎಂದು ಇನ್ನೊಂದು ಸುತ್ತು ಹಾಕಿ. ಈ ಎರಡನೇ ಸುತ್ತನ್ನು ಬಿಡುವವರೇ ಹೆಚ್ಚು. ಆ ಎಂಸಿಬಿಯಲ್ಲಿ ಕಂಪ್ಯೂಟರ್, ಲ್ಯಾಬಿನ ಫ್ರಿಜ್ ಸೇರಿಲ್ಲ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಡಯಾಗ್ನೋಸ್ಟಿಕ್ ಸೆಂಟರ್ ಇರುವ ಕಟ್ಟಡ ನಿಮ್ಮದು.

ಯುರೋಪಿನ ಪದ್ಧತಿಯೂ ಇದೇ: ತಿಂಗಳಿಗೊಮ್ಮೆ ಚುಟುಕು ಪರೀಕ್ಷೆ, ವರ್ಷಕ್ಕೊಮ್ಮೆ ಪೂರ್ಣಾವಧಿ. ಅಮೆರಿಕದ ಎನ್‌ಎಫ್‌ಪಿಎ 101 ಎಂಬ ಅಗ್ನಿ ಸುರಕ್ಷತಾ ನಿಯಮಾವಳಿ ತಿಂಗಳಿಗೆ ಕನಿಷ್ಠ 30 ಸೆಕೆಂಡ್, ವರ್ಷಕ್ಕೊಮ್ಮೆ 90 ನಿಮಿಷ ಎನ್ನುತ್ತದೆ.

ವರ್ಷದ ಪರೀಕ್ಷೆಗೆ ದಿನ ಹುಡುಕುವುದೇ ಅರ್ಧ ಕೆಲಸ, ಏಕೆಂದರೆ ಅದು ಮುಗಿದ ಮೇಲೆ ಒಂದು ದಿನ ಕಟ್ಟಡಕ್ಕೆ ಎಮರ್ಜೆನ್ಸಿ ಬೆಳಕೇ ಇರುವುದಿಲ್ಲ. ಬರೀ ಕಚೇರಿಗಳಿರುವ ಕಟ್ಟಡವಾದರೆ ಶನಿವಾರ ರಾತ್ರಿ ಎಂಟಕ್ಕೆ ಶುರುಮಾಡಿ ಒಂಬತ್ತೂವರೆಗೆ ಮುಗಿಸಿದರೆ ಸೋಮವಾರ ಬೆಳಿಗ್ಗೆಗೆ ಬ್ಯಾಟರಿ ತುಂಬಿರುತ್ತದೆ. ಕಲ್ಯಾಣ ಮಂಟಪದವರಿಗೆ ಆಷಾಢ ಹೇಳಿಮಾಡಿಸಿದ್ದು, ಬುಕಿಂಗ್ ಇರುವುದಿಲ್ಲ, ಮುಂಗಾರುಪೂರ್ವ ಮಳೆಯಲ್ಲಿ ಪೆಟ್ಟು ತಿಂದ ಬ್ಯಾಟರಿಗಳೂ ಆಗಲೇ ಸಿಕ್ಕಿಬೀಳುತ್ತವೆ. ನಿಮ್ಮಲ್ಲಿ ಭಾನುವಾರ ಬೆಳಿಗ್ಗೆಯೇ ರಕ್ತ ಕೊಡಲು ಜನ ಬರುತ್ತಾರೆ. ಅದಕ್ಕೆ ಒಂದು ಬಿಟ್ಟು ಒಂದರಂತೆ ಅರ್ಧ ಲೈಟ್‌ಗಳನ್ನು ಈ ವಾರ, ಉಳಿದರ್ಧ ಮುಂದಿನ ವಾರ ಪರೀಕ್ಷಿಸಿ. ಸಾಕೆಟ್ಟಿಗೆ ಚುಚ್ಚುವ ಬಗೆಯವಾದರೆ ಪ್ಲಗ್ ಕಿತ್ತರೆ ಆಯಿತು. ಸರ್ಕ್ಯೂಟಿನ ಪರೀಕ್ಷೆ ತಿಂಗಳ ಎಂಸಿಬಿ ಸುತ್ತಿನಲ್ಲಿ ಹೇಗೂ ಆಗಿರುತ್ತದೆ.

ಹಿಂದಿನ 24 ಗಂಟೆ ಕರೆಂಟ್ ಹೋಗಿಲ್ಲ ಎಂದು ಖಚಿತ ಮಾಡಿಕೊಂಡು ಆರಂಭಿಸಿ. ಮೊದಲ ಒಂದು ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಕೊನೆಯ ಅರ್ಧ ಗಂಟೆ ಐದು ಹತ್ತು ನಿಮಿಷಕ್ಕೊಮ್ಮೆ ಸುತ್ತು ಹಾಕಿ, ಆರಿದ್ದರ ಸಮಯ ಬರೆದುಕೊಳ್ಳಿ. ಮಂಕಾಗಿ ಮಿಣಮಿಣ ಎನ್ನುತ್ತಿರುವುದನ್ನು ಆರಿದ್ದೆಂದೇ ಲೆಕ್ಕಹಾಕಿ ಬ್ಯಾಟರಿ ತಂತಿ ಬಿಡಿಸಿ. ಅಗ್ಗದ ಲೈಟ್‌ಗಳಲ್ಲಿ ವೋಲ್ಟೇಜ್ ಇಳಿದಾಗ ತಾನಾಗಿ ಕಡಿದುಕೊಳ್ಳುವ ವ್ಯವಸ್ಥೆ ಇರುವುದಿಲ್ಲ. ಹಾಗೇ ಬಿಟ್ಟರೆ ಬ್ಯಾಟರಿ ಆಳಕ್ಕೆ ಬಸಿದು ಇನ್ನಷ್ಟು ಕೆಡುತ್ತದೆ.

ಬೆಳಕಿನ ಪ್ರಮಾಣ ಅಳೆಯುವ ಲಕ್ಸ್ ಮೀಟರ್ ಸಿಕ್ಕಿದರೆ 90ನೇ ನಿಮಿಷದ ಹೊತ್ತಿಗೆ ಕಾರಿಡಾರಿನ ನಡುಗೆರೆಯಲ್ಲಿ ನೆಲಕ್ಕಿಟ್ಟು ಅಳೆಯಿರಿ. ಸಂಹಿತೆ ಕೇಳುವುದು ಅಲ್ಲಿ ಕನಿಷ್ಠ 10 ಲಕ್ಸ್. ಎರಡು ಮೀಟರ್‌ವರೆಗಿನ ಅಗಲದ ದಾರಿಯಾದರೆ ಅರ್ಧ ಅಗಲಕ್ಕೆ 5 ಲಕ್ಸ್. ಇದನ್ನು ರಾತ್ರಿಯೇ ಮಾಡಬೇಕು. ಹಗಲು ಮೆಟ್ಟಿಲಿನ ಕಿಟಕಿಯಿಂದ ಬರುವ ಬೆಳಕು ಎಲ್ಲವನ್ನೂ ಪಾಸು ಮಾಡಿಬಿಡುತ್ತದೆ. ಹಾಗೆಂದು ಹಗಲಿನಲ್ಲಿ ಈ ದೀಪಗಳಿಗೆ ಕೆಲಸವಿಲ್ಲ ಎಂದಲ್ಲ. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಜನರನ್ನು ಬಲಿ ಪಡೆದ ಬೆಂಕಿ ಹೊತ್ತಿದ್ದು ಹಗಲಿನಲ್ಲೇ. ಹೊಗೆ ತುಂಬಿದ ಮೆಟ್ಟಿಲಿಗೆ ಹಗಲು ರಾತ್ರಿ ಎಂಬುದಿಲ್ಲ. ಹೊಗೆ ಮೊದಲು ಸೀಲಿಂಗಿಗೆ ಕಟ್ಟಿಕೊಳ್ಳುವುದರಿಂದ ದೀಪವನ್ನು ತೀರಾ ಮೇಲೆ ಕೂರಿಸಬಾರದು. ನೆಲದಿಂದ ಎರಡು ಮೀಟರ್ ಬಿಟ್ಟು ಆದಷ್ಟು ಕೆಳಗಿರಲಿ.

ಬ್ಯಾಟರಿ ಬೇಗ ಸಾಯುವುದಕ್ಕೆ ಕಾರಣ ಹೆಚ್ಚಿನ ಸಲ ಬ್ಯಾಟರಿಯಲ್ಲ, ನಮ್ಮ ಅಭ್ಯಾಸ. ಅಂಗಡಿ ಬಾಗಿಲು ಹಾಕುವಾಗ ಮೇನ್ ಆಫ್ ಮಾಡಿ ಹೋಗುವ ರೂಢಿ ಬೆಂಗಳೂರಿನಲ್ಲಿ ಗಟ್ಟಿಯಾಗಿದೆ. ಅಂಗಡಿಯೊಳಗಿನ ಎಮರ್ಜೆನ್ಸಿ ಲೈಟ್ ಆ ಕ್ಷಣಕ್ಕೆ ಹತ್ತಿಕೊಂಡು ಬ್ಯಾಟರಿ ಮುಗಿಯುವವರೆಗೆ ಉರಿದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂತಿರುತ್ತದೆ. ದಿನಾ ಹೀಗಾದರೆ ಎಸ್‌ಎಂಎಫ್ ಬ್ಯಾಟರಿ ಒಂದು ವರ್ಷ ಬಂದರೆ ಹೆಚ್ಚು. ಸೀಲಿಂಗ್ ಪ್ಯಾನೆಲ್‌ಗೆ ಎಮರ್ಜೆನ್ಸಿ ಕಿಟ್ ಜೋಡಿಸಿದಲ್ಲಿ ಇದೇ ತಪ್ಪು ವೈರಿಂಗಿನಲ್ಲಿ ಅಡಗಿರುತ್ತದೆ. ಕಿಟ್‌ಗೆ ಸ್ವಿಚ್ಚಿನಿಂದ ಮುಂದಿನ ಫೇಸ್ ಒಂದು, ಸ್ವಿಚ್ಚಿಗೂ ಮುಂಚಿನ ಕಾಯಂ ಫೇಸ್ ಒಂದು, ಎರಡೂ ಬೇಕು. ಎರಡನ್ನೂ ಸ್ವಿಚ್ಚಿನಿಂದಲೇ ಕೊಟ್ಟರೆ ಲೈಟ್ ಆಫ್ ಮಾಡಿದಾಗಲೆಲ್ಲ ಕಿಟ್ ಕರೆಂಟ್ ಹೋಯಿತೆಂದು ತಿಳಿಯುತ್ತದೆ. ರಾತ್ರಿ ಸೆಕ್ಯೂರಿಟಿಯವರು ದೀಪ ಆರಿಸಿದ ಮೇಲೂ ಒಂದು ಪ್ಯಾನೆಲ್ ಮಂಕಾಗಿ ಉರಿಯುತ್ತಿದ್ದರೆ ಅಲ್ಲಿ ಆಗಿರುವುದು ಇದೇ. ಹೌಸ್‌ಕೀಪಿಂಗ್‌ನವರು ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕುವುದನ್ನು ತಪ್ಪಿಸಲು ಸ್ವಿಚ್ ಇಲ್ಲದ ನೇರ ಸಂಪರ್ಕ ಒಳ್ಳೆಯದು.

ಉಷ್ಣತೆಯೂ ಇದೆ. 25 ಡಿಗ್ರಿಗಿಂತ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯಸ್ಸು ಸುಮಾರು ಅರ್ಧವಾಗುತ್ತದೆ. ಟೆರೇಸಿನ ಬಾಗಿಲ ಬಳಿ, ಶೀಟಿನ ಕೆಳಗೆ ಇರುವ ಲೈಟೇ ಮೊದಲು ಕೈಕೊಡುವುದು ಅದಕ್ಕೇ. ಬ್ಯಾಟರಿ ಉಬ್ಬಿದ್ದರೆ ಚಾರ್ಜರನ್ನೂ ಅನುಮಾನಿಸಿ. 12 ವೋಲ್ಟ್‌ನದಕ್ಕೆ ಸದಾ 14.4ಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಹೊಸ ಬ್ಯಾಟರಿಯೂ ಉಬ್ಬುತ್ತದೆ.

ಬದಲಿಸುವಾಗ ಅದೇ ಬಗೆಯ ಬ್ಯಾಟರಿ ಹಾಕಿ. ನಿಕಲ್ ಕ್ಯಾಡ್ಮಿಯಂ ಇದ್ದಲ್ಲಿ ‘ಎರಡೂ 3.6 ವೋಲ್ಟೇ’ ಎಂದು ನಿಕಲ್ ಮೆಟಲ್ ಹೈಡ್ರೈಡ್ ಜೋಡಿಸಬಾರದು. ಸದಾ ಸಣ್ಣಗೆ ಹರಿಯುವ ಚಾರ್ಜಿಗೆ ಅದು ಬಿಸಿಯೇರುತ್ತದೆ. ಸೀಸದ ಚಾರ್ಜರಿಗೆ ಲಿಥಿಯಂ ಅಂತೂ ಬೇಡವೇ ಬೇಡ. ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಬ್ಯಾಟರಿಯ ತಯಾರಿಕೆಯ ತಿಂಗಳು ನೋಡಿ. ಮರುಚಾರ್ಜ್ ಇಲ್ಲದೆ ಆರು ತಿಂಗಳಿಗಿಂತ ಹೆಚ್ಚು ಕಪಾಟಿನಲ್ಲಿ ಕೂತದ್ದು ಅಗ್ಗಕ್ಕೆ ಸಿಕ್ಕಿದರೂ ಬೇಡ. ಹಳೆಯದನ್ನು ಗುಜರಿಗೆ ಹಾಕದೆ ಮಾರಿದವರಿಗೇ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಹೊಣೆ ತಯಾರಕರದು.

ಇನ್ನು ನಿಮ್ಮ ಪುಸ್ತಕ. ಪ್ರತಿ ಲೈಟಿಗೂ ಒಂದು ಸಂಖ್ಯೆ ಅಂಟಿಸಿ, ಬ್ಯಾಟರಿ ಹಾಕಿದ ತಿಂಗಳನ್ನು ಅದರ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ‘ಓಕೆ’ ಎಂಬ ಕಾಲಮ್ ಹೊಡೆದುಹಾಕಿ, ಆ ಜಾಗದಲ್ಲಿ ‘ಎಷ್ಟನೇ ನಿಮಿಷಕ್ಕೆ ಆರಿತು’, ‘ಕೊನೆಯಲ್ಲಿ ಎಷ್ಟು ವೋಲ್ಟ್’, ‘ರಿಪೇರಿ ಆದ ದಿನ’ ಎಂದು ಮೂರು ಕಾಲಮ್ ಹಾಕಿಸಿ. ಎಲೆಕ್ಟ್ರಿಷಿಯನ್‌ಗೆ ವರ್ಷಕ್ಕೆ ಎರಡು ರಾತ್ರಿಯ ಕೂಲಿ ಹೆಚ್ಚು ಕೊಡಬೇಕಾಗುತ್ತದೆ, ಅದನ್ನು ಎಎಂಸಿಯಲ್ಲೇ (ವಾರ್ಷಿಕ ನಿರ್ವಹಣಾ ಕರಾರಿನಲ್ಲೇ) ಬರೆಸಿಕೊಳ್ಳಿ.